ಊರಿನ ಸಭೆಗೆ ಕಳುಹಿಸಿದ ಪ್ರತಿ

ಈ ಬರಹವನ್ನು ಓದುಗರ ಅವಗಾಹನೆಗೆ ತರುವ ಮೊದಲು ಒಂದು ಸಂಗತಿಯನ್ನು ಸ್ಪಷ್ಟಪಡಿಸುವುದು ಅವಶ್ಯವೆಂದು ಭಾವಿಸುತ್ತೇನೆ. ಇಲ್ಲಿ ಹೇಳಿರುವ ವಿಷಯಗಳಿಗೆ ಸಂಬಂಧಪಟ್ಟವರಿಂದ ಅನುಮತಿ ಪಡೆದ ನಂತರವೇ ಬರೆಯಲು ಕುಳಿತಿದ್ದೇನೆ. ಯಾರ ಹೆಸರನ್ನೂ ಹಾಕಕೂಡದೆಂಬ ಷರತ್ತಿನ ಮೇಲೆ ಅನುಮತಿ ದೊರೆತಿದೆ. ಆ ಷರತ್ತನ್ನು ನನ್ನ ಹೆಸರಿಗೂ ಅನ್ವಯಿಸಿಕೊಂಡಿದ್ದೇನೆ. ಕಚೇರಿಯ ಪತ್ರಗಳನ್ನು ಬಿಟ್ಟು ಬೇರೇನನ್ನೂ ಬರೆದು ನನಗೆ ಅಭ್ಯಾಸವಿಲ್ಲ. ಆದ್ದರಿಂದ ಈ ಬರಹ ಅಲ್ಲಲ್ಲಿ ಟಿಪ್ಪಣಿಯಂತೆ ಕಂಡುಬಂದಲ್ಲಿ ಓದುಗರು ಮನ್ನಿಸಬೇಕಾಗಿ ವಿನಂತಿ.

ಅಮೆರಿಕಕ್ಕೆ ಬರುವ ಮುನ್ನ ನಾನು ಧಾರವಾಡದ ಒಂದು ಸರ್ಕಾರಿ ಕಚೇರಿಯಲ್ಲಿ ಹನ್ನೊಂದು ವರ್ಷ ಗುಮಾಸ್ತನಾಗಿ ಸೇವೆ ಸಲ್ಲಿಸಿದೆ. ನನ್ನ ಪತ್ನಿ ನರ್ಸ್. ಅವಳಿಗೆ ಲಾಸ್ ಏಂಜಲೀಸಿನ ಆಸ್ಪತ್ರೆಯೊಂದರಲ್ಲಿ ಕೆಲಸ ದೊರೆತ ಕಾರಣ 2001ರಲ್ಲಿ ನಾವಿಬ್ಬರೂ ಇಲ್ಲಿಗೆ ಬಂದೆವು. ಕೆಲವು ತಿಂಗಳ ನಂತರ ನನಗೂ ಸ್ಯಾನ್ ಪೀಡ್ರೊ ಬಂದರಿನ ಹತ್ತಿರ, ಹಡಗಿನ ಸರಕಿನ ಕಾಗದಪತ್ರಗಳನ್ನು ತಪಾಸಣೆ ಮಾಡುವ ಕೆಲಸ ಸಿಕ್ಕಿತು. ಒಂದು ಕಾಗದದಲ್ಲಿರುವ ಪೆಟ್ಟಿಗೆಗಳ ಸಂಖ್ಯೆ ಇನ್ನೊಂದು ಕಾಗದದ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ನೋಡಬೇಕು. ಆಗದಿದ್ದಲ್ಲಿ ಸಂಬಂಧಪಟ್ಟ ಎಲ್ಲರಿಗೂ ಪ್ರತಿ ಕಳುಹಿಸಬೇಕು. ಧಾರವಾಡದಲ್ಲಿ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದೇ ಆಗಿದ್ದುದರಿಂದ ಕಷ್ಟವಾಗಲಿಲ್ಲ.

ಕಷ್ಟವಾದದ್ದು ಕಚೇರಿಯ ಹೊರಗಿನ ಬದುಕು. ಪಕ್ಕದ ಮನೆಯವರೊಂದಿಗೆ ಎಷ್ಟು ಮಾತಾಡಬೇಕು, ಮೇಲಧಿಕಾರಿಯನ್ನು ಹೆಸರು ಹಿಡಿದು ಕರೆಯಬಹುದೇ, ಹನ್ನೆರಡು ಗಂಟೆ ನಿಂತು ದುಡಿದು ಬಂದ ಪತ್ನಿಯ ಮುಂದೆ ಯಾವ ಮಾತು ಆಡಬಾರದು, ಇವಕ್ಕೆಲ್ಲ ಯಾವ ನಿಯಮಾವಳಿಯೂ ನನ್ನ ಬಳಿ ಇರಲಿಲ್ಲ. ವಿವೇಕದ ಕೊರತೆಯುಳ್ಳವನು ದೇವರನ್ನು ಕೇಳಿಕೊಳ್ಳಬೇಕು, ಆತನು ಹಂಗಿಸದೆ ಕೊಡುತ್ತಾನೆ ಎಂಬ ಸತ್ಯವೇದದ, ಎಂದರೆ ಬೈಬಲಿನ, ಬೋಧನೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಅದನ್ನು ದಿನನಿತ್ಯದ ಬಳಕೆಗೆ ತರುವುದು ಹೇಗೆಂದು ಕಲಿಯಲು ಹೋಗಿದ್ದು ಶನಿವಾರದ ಕನ್ನಡ ಪ್ರಾರ್ಥನಾ ಕೂಟಕ್ಕೆ.

ಆರು ಮನೆಗಳು ಸೇರಿ ನಡೆಸುತ್ತಿದ್ದ ಕೂಟ ಅದು. ತಿಂಗಳಲ್ಲಿ ಮೂರು ಶನಿವಾರ ಲಾಸ್ ಏಂಜಲೀಸಿನ ಕಡೆಯ ಮನೆಗಳಲ್ಲಿ, ಒಂದು ಶನಿವಾರ ಸ್ಯಾನ್ ಡಿಯೇಗೊದಲ್ಲಿ. ಪಸಡೀನಾದಲ್ಲಿ ನೆಲೆಸಿದ್ದ, ಬೆಂಗಳೂರು ಮೂಲದ ಹಿರಿಯರೊಬ್ಬರು ಪಾಠ ನಡೆಸುತ್ತಿದ್ದರು. ನಾವೆಲ್ಲರೂ ಅವರನ್ನು ಅಂಕಲ್ ಎನ್ನುತ್ತಿದ್ದೆವು. ಅವರು ರೂಢಿಗೆ ತಂದಿದ್ದ ಒಂದು ಕ್ರಮವಿತ್ತು. ಪಾಠ ಮುಗಿದ ಮೇಲೆ ಪ್ರತಿಯೊಬ್ಬರೂ ಅದರಲ್ಲಿ ಒಂದು ಮಾತನ್ನು ಆರಿಸಿಕೊಂಡು, ಮುಂದಿನ ವಾರ ಅದನ್ನು ಎಲ್ಲಿ, ಯಾರೊಂದಿಗೆ ನಡೆಸುತ್ತೇನೆಂದು ಹೇಳಬೇಕು. ಮರುವಾರ ಬಂದು ವರದಿ ಒಪ್ಪಿಸಬೇಕು. ಸಿಟ್ಟಾಗಲು ತಡಮಾಡಬೇಕೆಂಬ ಪಾಠವಾದ ವಾರ ಮೈಸೂರಿನ ಒಬ್ಬ ವಿದ್ಯಾರ್ಥಿ, "ಅಂಕಲ್, ಏಳು ದಿನ ರೂಮ್‌ಮೇಟ್ ಮೇಲೆ ಒಂದ್ ಸಲಾನೂ ರೇಗ್ಲಿಲ್ಲ," ಎಂದು ವರದಿ ಮಾಡಿದ. ಎಲ್ಲರೂ ದೇವರಿಗೆ ಸ್ತೋತ್ರ ಎಂದೆವು. ಅಂಕಲ್ ಕನ್ನಡಕ ಸರಿಪಡಿಸಿಕೊಂಡು, "ಅವ್ನು ಊರಲ್ಲಿದ್ನೇನಪ್ಪಾ?" ಎಂದರು. "ಇಲ್ಲ ಅಂಕಲ್, ವೇಗಸ್‌ಗೆ ಹೋಗಿದ್ದ," ಎಂದ ಆತ. ಆ ದಿನ ನಕ್ಕಷ್ಟು ನಾವು ಇನ್ನಾವ ದಿನವೂ ನಕ್ಕಿರಲಿಕ್ಕಿಲ್ಲ.

ಕೂಟದ ಕೊನೆಯಲ್ಲಿ ಪ್ರಾರ್ಥನಾ ವಿಷಯಗಳನ್ನು ಕೇಳಲಾಗುತ್ತಿತ್ತು. ಒಬ್ಬರಿಗೆ ವೀಸಾ, ಒಬ್ಬರಿಗೆ ಪರೀಕ್ಷೆ, ಒಬ್ಬರಿಗೆ ಊರಿನಲ್ಲಿರುವ ತಂದೆಯ ಮೊಣಕಾಲು. ಇವನ್ನು ಬರೆದುಕೊಳ್ಳುವ ಹೊಣೆಯನ್ನು ಕೇಳಿ ವಹಿಸಿಕೊಂಡವನು ನಾನೇ. ಕ್ರಮಸಂಖ್ಯೆ ಹಾಕಿ, ವಿಷಯ ಮತ್ತು ಉಲ್ಲೇಖ ನಮೂದಿಸಿ, ಕನ್ನಡದಲ್ಲಿ ಟೈಪ್ ಮಾಡಿ ಭಾನುವಾರ ಬೆಳಿಗ್ಗೆ ಎಲ್ಲರಿಗೂ ಇಮೇಲ್ ಮಾಡುತ್ತಿದ್ದೆ. ಪಟ್ಟಿಯ ಕೆಳಗೆ, ಎಡಗಡೆಗೆ, ಸರ್ಕಾರಿ ಪತ್ರದಲ್ಲಿರುವಂತೆ 'ಪ್ರತಿಗಳು' ಎಂಬ ಶೀರ್ಷಿಕೆ ಇರುತ್ತಿತ್ತು. ಅದರಲ್ಲಿ ಮೊದಲನೆಯದು, ಧಾರವಾಡದ ನಮ್ಮ ಚರ್ಚಿನ ಸಭೆಯ ಕಾರ್ಯದರ್ಶಿಗಳಿಗೆ, ಮಾಹಿತಿಗಾಗಿ. ಊರಿನವರೂ ನಮಗಾಗಿ ಪ್ರಾರ್ಥಿಸಲಿ ಎಂಬ ಉದ್ದೇಶದಿಂದ ನಾನು ಆ ಪ್ರತಿಯನ್ನು ಸೇರಿಸಿದ್ದೆ. ಯಾರೂ ಸೇರಿಸು ಎಂದು ಹೇಳಿರಲಿಲ್ಲ; ಸೇರಿಸಬೇಡ ಎಂದೂ ಹೇಳಿರಲಿಲ್ಲ.

2004ರ ಆರಂಭದಲ್ಲಿ ಒಂದು ಶನಿವಾರ ಕೂಟ ಸ್ಯಾನ್ ಡಿಯೇಗೊದ ಮನೆಯಲ್ಲಿತ್ತು. ಆ ಮನೆಯ ಗೃಹಿಣಿ ಧಾರವಾಡದವರು, ನನಗಿಂತ ಎಂಟು ವರ್ಷ ಹಿರಿಯರು. ಊರಿನಲ್ಲಿ ನಾವು ಒಂದೇ ಸಭೆಗೆ ಸೇರಿದವರು. ನಾವು ಅಮೆರಿಕಕ್ಕೆ ಬಂದ ಮೊದಲ ವಾರ, ಎರಡು ಗಂಟೆ ಡ್ರೈವ್ ಮಾಡಿಕೊಂಡು ಬಂದು, ಅಕ್ಕಿ, ಬೇಳೆ, ಒಂದು ಕುಕ್ಕರ್ ಮತ್ತು ಎರಡು ಕಂಬಳಿ ಇಳಿಸಿ ಹೋದವರು ಇವರೇ. ನಾನು ಅವರನ್ನು ಅಕ್ಕಾರ ಎನ್ನುತ್ತಿದ್ದೆ. ಅವರ ಪತಿಯನ್ನು ಭಾವ ಎನ್ನುತ್ತಿದ್ದೆ. ಆ ದಿನ ಪ್ರಾರ್ಥನಾ ವಿಷಯ ಕೇಳಿದಾಗ ಅಕ್ಕ ತಮ್ಮ ಬಳೆಗಳನ್ನು ತಿರುವುತ್ತ ಹೇಳಿದರು.

"ನನ್ನ ಎದಿಯೊಳಗ ಒಂದು ಗಂಟು ಐತಿ. ಸೂಜಿ ಹಾಕಿ ನೋಡ್ಯಾರ. ಕೆಟ್ಟದ್ದ ಅಂದಾರ. ಮುಂದಿನ ತಿಂಗಳು ಆಪರೇಷನ್ನು. ಹರಡೇತೋ ಇಲ್ಲೋ ಅವತ್ತ ತಿಳೀತೈತಿ. ನನಗ ಧೈರ್ಯ ಸಾಲವಲ್ದು, ಪ್ರಾರ್ಥನಾ ಮಾಡ್ರಿ."

ಗಂಡಸರೆಲ್ಲ ಕಾರ್ಪೆಟ್ಟನ್ನು ನೋಡುತ್ತ ಕುಳಿತೆವು. ಅಂಕಲ್ ಪ್ರಾರ್ಥನೆ ಮಾಡಿದರು. ನಾನು ಕ್ರಮಸಂಖ್ಯೆ ನಾಲ್ಕು ಎಂದು ಬರೆದುಕೊಂಡೆ. ಭಾನುವಾರ ಬೆಳಿಗ್ಗೆ ಪಟ್ಟಿ ಎಂದಿನಂತೆ ಹೋಯಿತು. ಊರಿನವರಿಗೆ ಗುರುತು ಸಿಗಲಿ ಎಂದು ಅಕ್ಕನ ಹೆಸರಿನ ಮುಂದೆ ಅವರ ತಾಯಿಯ ಹೆಸರನ್ನೂ ಕಾಣಿಸಿದ್ದೆ.

ಮುಂದೆ ನಡೆದದ್ದು ಇಷ್ಟು. ಮರುವಾರ ಊರಿನ ಸಭೆಯಲ್ಲಿ ಆರಾಧನೆಯ ಮಧ್ಯೆ ನನ್ನ ಪಟ್ಟಿಯನ್ನು ಎಂದಿನಂತೆ ಓದಲಾಯಿತು. ಅಕ್ಕನ ತಾಯಿ ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ಎಪ್ಪತ್ತು ದಾಟಿದ ವಿಧವೆ, ರಕ್ತದೊತ್ತಡವಿದ್ದವರು. ಆಪರೇಷನ್ ಮುಗಿದು ಎಲ್ಲ ಸರಿಯಾದ ಮೇಲೆ ಮೆಲ್ಲಗೆ ತಿಳಿಸೋಣವೆಂದು ಮಗಳು ಅವರಿಗೆ ಏನನ್ನೂ ಹೇಳಿರಲಿಲ್ಲ. ಆ ತಾಯಿ ಪಟ್ಟಿ ಮುಗಿಯುವ ಮೊದಲೇ ಎದ್ದು ಹೊರಗೆ ನಡೆದರಂತೆ. ಅಂದಿನಿಂದ ಅಕ್ಕ ಫೋನ್ ಮಾಡಿದರೆ ಎತ್ತುವರು, ಮಗಳ ದನಿ ಕೇಳಿದೊಡನೆ ಇಟ್ಟುಬಿಡುವರು. ಇದನ್ನೆಲ್ಲ ಭಾವ ನನಗೆ ಫೋನಿನಲ್ಲಿ ತಿಳಿಸಿ, ಕೊನೆಗೆ ಹೇಳಿದರು: "ಆಕಿಗೆ ಈಗ ಆಪರೇಷನ್ನಿನ ಅಂಜಿಕಿ ಇಲ್ಲೋ ಮಾರಾಯ. ಅವ್ವ ಮಾತಾಡ್ದ ಹಂಗ ಆ ಟೇಬಲ್ ಮ್ಯಾಲೆ ಹ್ಯಾಂಗ ಮಲಗ್ಲಿ ಅಂತಾಳ."

ಆಪರೇಷನ್‌ಗೆ ಆಗ ಎರಡು ವಾರ ಉಳಿದಿತ್ತು.

ಪತ್ನಿ ಆ ಪಟ್ಟಿಯನ್ನು ಮತ್ತೊಮ್ಮೆ ತೆರೆದು ಓದಿದಳು. "ಆಸ್ಪತ್ರಿಯೊಳಗ ಒಬ್ಬ ಪೇಶಂಟ್ ಸುದ್ದಿ ಇನ್ನೊಬ್ಬರ ಮುಂದ ಹೇಳಿದ್ರ ನನ್ನ ಕೆಲಸಾನ ಹೋಗ್ತೈತ್ರಿ. ನೀವು ಹೆಸರು, ಕುಲ, ಗೋತ್ರ ಎಲ್ಲಾ ಹಾಕಿ ಸಮುದ್ರ ದಾಟಿಸೀರಿ," ಎಂದಳು. 

ನನಗೆ ತಿಳಿದಿದ್ದ ಒಂದೇ ಮಾರ್ಗವನ್ನು ಅನುಸರಿಸಿ ಅಕ್ಕನಿಗೆ ಕ್ಷಮಾಪಣೆಯ ಪತ್ರ ಬರೆದೆ. ಮೂರು ಕರಡುಗಳಾದವು. ಮೂರನೆಯದನ್ನು ಪತ್ನಿಗೆ ತೋರಿಸಿದೆ. ದಿನಾಂಕ ಇಷ್ಟರ ಪಟ್ಟಿಯ ಪ್ರತಿಯು ಪ್ರಮಾದವಶಾತ್ ಊರಿನ ಸಭೆಗೆ ರವಾನೆಯಾಗಿದ್ದು, ಅದರಿಂದ ಉಂಟಾಗಿರುವ ಅನಾನುಕೂಲಕ್ಕಾಗಿ ವಿಷಾದಿಸಲಾಗಿದೆ ಎಂದು ಅದರಲ್ಲಿತ್ತು.

"ಯಾರು ಕಳಿಸಿದ್ದು? ಯಾರಿಗೆ ಕೆಟ್ಟ ಅನಿಸೇತಿ? ಇದರೊಳಗ ಮನಷ್ಯಾರ ಇಲ್ಲಲ್ರಿ," ಎಂದು ಪತ್ನಿ ಹಾಳೆಯನ್ನು ಮೇಜಿನ ಮೇಲಿಟ್ಟಳು. ಆದರೂ ನಾನು ಅದನ್ನು ಅಂಚೆಗೆ ಹಾಕಿದೆ. ಉತ್ತರ ಬರಲಿಲ್ಲ.

ಅದರ ನಂತರದ ಶನಿವಾರ ಅಕ್ಕನ ಮನೆಯವರು ಯಾರೂ ಕೂಟಕ್ಕೆ ಬರಲಿಲ್ಲ. ಆ ದಿನದ ಪಾಠ ಅಂಕಲ್ ಬೇಕೆಂದು ಆರಿಸಿದ್ದಲ್ಲ. ತಿಂಗಳ ಕ್ರಮದಲ್ಲಿ ತಾನಾಗಿ ಬಂದದ್ದು. ಕಾಣಿಕೆ ಅರ್ಪಿಸಲು ಬಂದವನಿಗೆ, ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ಆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ಒಂದಾಗಬೇಕು ಎಂಬ ಬೋಧನೆ. ನೂರು ಸಲ ಕೇಳಿದ್ದೆ. ಆ ಸಂಜೆ ನನ್ನ ಕಿವಿ ಬಿಸಿಯಾಯಿತು. ವಾರದ ಕೆಲಸ ಹೇಳುವ ಸರದಿ ನನಗೆ ಬಂದಾಗ, ಪತ್ರ ಬರೆದಿದ್ದೇನೆಂದು ಹೇಳಿದೆ.

"ಬರಿ ಅಂತ ಎಲ್ಲಿದೆ?" ಅಂಕಲ್ ಪುಟದ ಮೇಲೆ ಬೆರಳಿಟ್ಟು ನಿಜವಾಗಿಯೂ ಹುಡುಕಿದರು. "ಹೋಗು ಅಂತಿದೆ ಕಣಪ್ಪ. ಬರೆಯೋದಕ್ಕೆ ಹೋಗೋ ಅಷ್ಟು ಧೈರ್ಯ ಬೇಕಾಗಲ್ಲ." ಪುಸ್ತಕ ಮುಚ್ಚಿ ಮತ್ತೆ ಹೇಳಿದರು, "ನಾನೂ ವಾರಾ ವಾರಾ ಆ ಪ್ರತಿಗಳ ಸಾಲು ನೋಡ್ತಾನೇ ಇದ್ದೆ. ನಂಗೂ ಹೊಳೀಲಿಲ್ಲ. ಅದು ನನ್ನ ತಪ್ಪು, ನಾನೂ ಹೋಗಿ ಹೇಳ್ತೀನಿ. ಆದ್ರೆ ಮೊದ್ಲು ನೀನು. ಒಬ್ನೇ ಹೋಗು."

ಫ್ರೀವೇ ಮೇಲೆ ಅಷ್ಟು ದೂರ ಡ್ರೈವ್ ಮಾಡಲು ನನಗೆ ಆಗ ಬರುತ್ತಿರಲಿಲ್ಲ. ಪತ್ನಿ ಕರೆದೊಯ್ಯಲು ಸಿದ್ಧಳಿದ್ದಳು. ಆದರೆ ಒಬ್ಬನೇ ಹೋಗಬೇಕೆಂಬ ಮಾತನ್ನು ಪಾಲಿಸಬೇಕಿತ್ತು. ಡೌನ್‌ಟೌನ್‌ನಿಂದ ಸ್ಯಾನ್ ಡಿಯೇಗೊಗೆ ಹೋಗುವ ರೈಲನ್ನು ಹತ್ತಿದೆ. ಅರ್ಧ ದಾರಿಯ ನಂತರ ಹಳಿ ಸಮುದ್ರದ ಅಂಚಿನಲ್ಲೇ ಹೋಗುತ್ತದೆ. ಜನರು ಕಿಟಕಿಯಿಂದ ಅಲೆಗಳನ್ನೂ ಅಲೆಯ ಮೇಲೆ ಜಾರಲು ಹಲಗೆ ಹಿಡಿದು ಕಾಯುತ್ತಿದ್ದವರನ್ನೂ ನೋಡುತ್ತಿದ್ದರು. ನಾನು ಮೊದಲ ವಾಕ್ಯವನ್ನು ಮನಸ್ಸಿನಲ್ಲಿ ಬರೆದು ಬರೆದು ಅಳಿಸುತ್ತಿದ್ದೆ. ನಿಲ್ದಾಣಕ್ಕೆ ಬಂದಿದ್ದ ಭಾವ "ಬಾ" ಎಂದಷ್ಟೇ ಹೇಳಿ ಕಾರಿನ ಬಾಗಿಲು ತೆರೆದರು.

ಅಕ್ಕ ಅಡುಗೆಮನೆಯಲ್ಲಿದ್ದರು. ಆಪರೇಷನ್ ಆದ ಮೇಲೆ ಕೆಲವು ದಿನ ಒಲೆಯ ಮುಂದೆ ನಿಲ್ಲಲಾಗದೆಂದು, ಮಾಡಿದ ಅಡುಗೆಯನ್ನು ಪ್ಲಾಸ್ಟಿಕ್ ಡಬ್ಬಿಗಳಿಗೆ ತುಂಬಿ ಫ್ರೀಜರಿನಲ್ಲಿಡುತ್ತಿದ್ದರು.  ಒಂದು ಮಾರ್ಕರ್ ಪೆನ್ನನ್ನು ನನ್ನ ಕಡೆ ತಳ್ಳಿದರು.

"ಬರಿಯೂದು ನಿನಗ ಭಾಳ ಸೇರ್ತೈತಲ್ಲ, ಬರಿ. ಇದು ಹೆಸರುಕಾಳು, ಇದು ಬದನಿಕಾಯಿ. ನಂಬರೂ ಹಾಕು ಬೇಕಾದ್ರ. ಪ್ರತಿ ಮಾತ್ರ ಯಾರಿಗೂ ಕಳಸಬ್ಯಾಡ."

ನಾನು ನಾಲ್ಕು ಡಬ್ಬಿಗಳ ಮೇಲೆ ಬರೆದೆ. ಐದನೆಯದನ್ನು ಬರೆಯದೆ ಪೆನ್ನು ಕೆಳಗಿಟ್ಟೆ. ರೈಲಿನಲ್ಲಿ ಸಿದ್ಧಪಡಿಸಿದ ವಾಕ್ಯಗಳಲ್ಲಿ ಒಂದೂ ನೆನಪಾಗಲಿಲ್ಲ.

"ಅಕ್ಕಾರ, ನಾ ತಪ್ಪು ಮಾಡೇನ್ರಿ. ನೀವು ನಮ್ಮ ಮುಂದ ಹೇಳಿದ್ದನ್ನ ನಿಮ್ಮನ್ನ ಕೇಳಲಾರದ ಊರಿಗೆ ಕಳಿಸಿದೆ. ನಾನ ಕಳಿಸಿದ್ದು."

ಅಕ್ಕ ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿ ಕೆಳಗಿಟ್ಟರು. "ನೀ ಬಂದು ಹೇಳಿದ್ದು ಚಲೋ ಆತು ತಮ್ಮಾ. ನಿನ್ನ ಮ್ಯಾಲಿನ ಸಿಟ್ಟು ಇವತ್ತಲ್ಲ ನಾಳೆ ಇಳೀತೈತಿ. ಆದ್ರ ನನಗ ಬೇಕಾದಾಕಿ ನಮ್ಮವ್ವ. ನಾ ಮಾಡಿದ್ರ ಫೋನ್ ಇಡ್ತಾಳ. ನೀ ಮಾಡು."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಸ್ಯಾನ್ ಡಿಯೇಗೊದಲ್ಲಿ ಆಗ ಸಂಜೆ ಆರು ಗಂಟೆ. ಧಾರವಾಡದಲ್ಲಿ ಬೆಳಗಿನ ಏಳೂವರೆ. ವಿದೇಶಕ್ಕೆ ಕರೆ ಮಾಡುವ ಕಾಲಿಂಗ್ ಕಾರ್ಡಿನ ಸಂಖ್ಯೆಗಳನ್ನು ಎರಡು ಸಲ ತಪ್ಪಾಗಿ ಒತ್ತಿ, ಮೂರನೆಯ ಸಲ ಸರಿಯಾಗಿ ಒತ್ತಿದೆ. ಆ ತಾಯಿಯೇ ಎತ್ತಿದರು. ನಾನು ಯಾರೆಂದು ಹೇಳಿದೆ.

"ಓಹೋ, ನೀನೇನು ಪಟ್ಟಿ ಬರಿಯಾಂವ?" ಎಂದರು. "ಮೂವತ್ತು ವರ್ಷ ಸ್ತ್ರೀಸಂಘದಾಗ ಮಂದಿ ಹೆಣ್ಣುಮಕ್ಕಳ ಸಲುವಾಗಿ ಪ್ರಾರ್ಥನಾ ಮಾಡೇನಿ ನಾನು. ಅವತ್ತ ನಿನ್ನ ಪಟ್ಟಿಯೊಳಗ ಒಂದನೇದಕ್ಕ ಆಮೆನ್ ಅಂದೆ. ಎರಡಕ್ಕ ಅಂದೆ, ಮೂರಕ್ಕ ಅಂದೆ. ನಾಕನೇದಕ್ಕ ಅನ್ನಾಕ ಬಾಯಿ ತಗದಿದ್ದೆ, ನನ್ನ ಹೆಸರು ಬಂತು. ಊರ ಮಂದಿಗೆಲ್ಲ ಅದು ಪ್ರಾರ್ಥನಾ ವಿಷಯ, ಹಡದಾಕಿಗೆ ಮಾತ್ರ ಪ್ರಕಟಣೆ ಏನೋ?"

"ತಪ್ಪಾತ್ರಿ ಅವ್ವಾರ."

"ತಪ್ಪಾತು ಅನ್ನೂದು ನನಗೂ ಗೊತ್ತೈತಿ. ಯಾಕ ಕಳಿಸಿದಿ ಅದನ್ನ ಹೇಳು."

ಹೆಚ್ಚು ಜನ ಪ್ರಾರ್ಥಿಸಲಿ ಎಂದು ಕಳುಹಿಸಿದೆನೆಂಬ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅದು ಸುಳ್ಳಲ್ಲ. ಆದರೆ ಆ ರಾತ್ರಿಗಳಲ್ಲಿ ನಿದ್ದೆ ಬಾರದೆ ಹೊರಳಾಡಿದಾಗ ನನಗೆ ಇನ್ನೊಂದು ಕಾರಣವೂ ತಿಳಿದಿತ್ತು. ಅಕ್ಕ ಪಾತ್ರೆ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದರು.

"ಊರಾಗ ನನ್ನ ಪಟ್ಟಿ ಓದ್ತಾರ ಅಂತ ನನಗೊಂದು ಹೆಮ್ಮಿ ಇತ್ರಿ ಅವ್ವಾರ. ಇಲ್ಲಿ ನನ್ನನ್ನ ಯಾರೂ ಕೇಳೂದಿಲ್ಲ. ಅಲ್ಲಿ ಭಾನುವಾರ ಎಲ್ಲಾರೂ ಕೇಳ್ತಾರ ಅನ್ನೂದು ಮನಸಿಗೆ ಹಿತ ಆಗ್ತಿತ್ತು. ಅದಕ್ಕ ಕಳಸ್ತಿದ್ದೆ."

 ಫೋನ್ ಇಟ್ಟರೆಂದು ತಿಳಿದೆ.

"ಈಗ ಖರೇ ಹೇಳಿದಿ ನೋಡು," ಎಂದರು ಕೊನೆಗೆ. ದನಿ ಸ್ವಲ್ಪ ತಗ್ಗಿತ್ತು. "ಆಕಿ ಅಲ್ಲೇ ಅದಾಳೇನು?"

"ಅದಾರ್ರಿ."

"ಏನ್ ಮಾಡಾಕತ್ತಾಳ?"

"ಪಲ್ಯ ಡಬ್ಬಿಗೆ ತುಂಬಾಕತ್ತಾರ್ರಿ."

"ಉಪ್ಪು ಹೆಚ್ಚಿಗಿ ಹಾಕಿರ್ತಾಳ. ಸಣ್ಣಾಕಿದ್ದಾಗಿಂದ ಹಂಗ. ಕೊಡು ಫೋನು."

ನಾನು ಫೋನನ್ನು ಅಕ್ಕನ ಕೈಗೆ ಕೊಟ್ಟು ಹಿತ್ತಲಿಗೆ ಹೋದೆ. ಭಾವ ಅಲ್ಲಿ ನಿಂಬೆಗಿಡದ ಬುಡಕ್ಕೆ ನೀರು ಬಿಡುತ್ತ, ನೀರು ತುಂಬಿ ಹರಿಯುತ್ತಿದ್ದರೂ ಪೈಪನ್ನು ಸರಿಸದೆ ನಿಂತಿದ್ದರು. ಒಳಗಿನಿಂದ ಅಕ್ಕನ ದನಿ ಕೇಳಿಸುತ್ತಿತ್ತು. ಮೊದಲು ಅಳು, ಆಮೇಲೆ ಜಗಳ, ಆಮೇಲೆ "ಇಲ್ಲ ಬೇ, ಉಪ್ಪು ಬರೋಬ್ಬರಿ ಐತಿ" ಎಂಬ ಮಾತು. ಭಾವ ಆಗ ನಲ್ಲಿಯನ್ನು ಬಂದ್ ಮಾಡಿದರು.

ಅಕ್ಕ ನನ್ನನ್ನು ಒಳಕ್ಕೆ ಕರೆದು ಮತ್ತೆ ಫೋನ್ ಕೊಟ್ಟರು. ತಾಯಿಯವರು ನನಗೆ ಒಂದು ಆದೇಶ ಹೊರಡಿಸಿದರು. ಆದೇಶವೆಂಬ ಪದ ಇಲ್ಲಿ ತಪ್ಪಾಗಲಾರದು.

"ನನಗ ಬರಾಕ ಆಗೂದಿಲ್ಲ. ಅವತ್ತ ನೀ ಅಲ್ಲಿರಬೇಕು. ಅಳಿಯಗ ಕೈಕಾಲು ನಡಗ್ತಾವ, ಅಂವ ಸರಿಯಾಗಿ ಹೇಳೂದಿಲ್ಲ. ಡಾಕ್ಟರು ಏನ್ ಹೇಳ್ತಾರ ಅದನ್ನ ನೀ ನನಗ ಹೇಳಬೇಕು. ಮೊದಲ ನನಗ. ಆಮ್ಯಾಲೆ ಉಳಿದವ್ರಿಗೆ. ಕೇಳಿಸ್ತೇನು?"

ಕೇಳಿಸಿತೆಂದು ಹೇಳಿದೆ.

ಆ ಫೋನಿಗೂ ಆಪರೇಷನ್ನಿಗೂ ನಡುವಿನ ದಿನಗಳಲ್ಲಿ ನಾನು ಯಾವ ಪಟ್ಟಿಯನ್ನೂ ಬರೆಯಲಿಲ್ಲ. ಕೂಟದಲ್ಲಿ ಯಾರಾದರೂ ಪ್ರಾರ್ಥನಾ ವಿಷಯ ಹೇಳಿದಾಗ, ಇದು ಈ ಕೋಣೆಯಲ್ಲೇ ಇರಬೇಕೇ ಎಂದು ಕೇಳುವುದನ್ನು ರೂಢಿಸಿಕೊಂಡೆವು. ಹಲವರು ಹೌದೆಂದರು. ಹಾಗೆ ಕೇಳಲಾರಂಭಿಸಿದ ಮೇಲೆ ವೀಸಾ ಮತ್ತು ಪರೀಕ್ಷೆಗಳ ಜೊತೆಗೆ ಬೇರೆ ಮಾತುಗಳೂ ಹೊರಬರಲಾರಂಭಿಸಿದವು. ಒಬ್ಬರು ಗಂಡನ ಕುಡಿತದ ಬಗ್ಗೆ ಹೇಳಿಕೊಂಡರು. ಮೂರು ವರ್ಷದಿಂದ ಅವರು ನಮ್ಮ ನಡುವೆ ಕುಳಿತು ಸೊಸೆಯ ಡ್ರೈವಿಂಗ್ ಟೆಸ್ಟ್‌ಗಾಗಿ ಪ್ರಾರ್ಥಿಸಿರೆಂದು ಕೇಳಿಕೊಳ್ಳುತ್ತಿದ್ದರು. ಇದನ್ನು ಬರೆಯಲೂ ಅವರ ಅನುಮತಿ ಪಡೆದಿದ್ದೇನೆ.

ಆಪರೇಷನ್ನಿನ ದಿನ ಕಚೇರಿಗೆ ರಜೆ ಹಾಕಿ, ಹಿಂದಿನ ಸಂಜೆಯೇ ಸ್ಯಾನ್ ಡಿಯೇಗೊ ತಲುಪಿದ್ದೆ. ಬೆಳಿಗ್ಗೆ ಆರಕ್ಕೆ ಅಕ್ಕನನ್ನು ಒಳಗೆ ಕರೆದೊಯ್ದರು. ಗಾಲಿ ಮಂಚ ಬಾಗಿಲು ದಾಟುವಾಗ ಅಕ್ಕ ತಲೆ ಎತ್ತಿ, "ಅವ್ವ ರಾತ್ರಿ ಫೋನಿನ್ಯಾಗ ಪ್ರಾರ್ಥನಾ ಮಾಡಿದ್ಲು," ಎಂದರು. ಭಾವ ಕಾಯುವ ಕೋಣೆಯಲ್ಲಿ ಒಂದೇ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಕುಳಿತರು. ಒಂಬತ್ತು ಗಂಟೆ ದಾಟಿದ ಮೇಲೆ ಡಾಕ್ಟರು ಬಂದು ಐದು ನಿಮಿಷ ಮಾತಾಡಿದರು. ಅವರು ಹೋದೊಡನೆ ಭಾವ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು, "ನೀನ ಹೇಳಪಾ ಅವ್ವಗ, ನನಗ ಆಗೂದಿಲ್ಲ," ಎಂದರು.

ನಾನು ಕಾರಿಡಾರಿಗೆ ಬಂದು ಕಾಲಿಂಗ್ ಕಾರ್ಡನ್ನು ಜೇಬಿನಿಂದ ತೆಗೆಯುವಷ್ಟರಲ್ಲಿ ನನ್ನ ಸೆಲ್‌ಫೋನ್ ರಿಂಗಾಯಿತು. ಅಂಕಲ್.

"ಏನಾಯ್ತಪ್ಪಾ? ಡಾಕ್ಟ್ರು ಬಂದ್ರಾ?"

"ಬಂದಿದ್ರು ಅಂಕಲ್."

"ಏನಂದ್ರು? ಇಲ್ಲಿ ನಾಲ್ಕ್ ಜನ ಕೂತಿದೀವಿ, ಸ್ಪೀಕರ್ ಹಾಕಿದೀನಿ, ಹೇಳು."

ಆ ನಾಲ್ವರೂ ಅಕ್ಕನನ್ನು ಪ್ರೀತಿಸಿದವರು; ಬೆಳಿಗ್ಗೆಯಿಂದ ಮೊಣಕಾಲೂರಿ ಕುಳಿತವರು. ಸುದ್ದಿ ಹೇಳುವುದರಲ್ಲಿ ಇರುವ ಸುಖ ನನ್ನ ಗಂಟಲಿನವರೆಗೆ ಬಂದದ್ದನ್ನು ನಾನು ಇಲ್ಲಿ ಮರೆಮಾಚುವುದಿಲ್ಲ.

"ಅಂಕಲ್, ಇನ್ನೂ ಹೇಳೋ ಹಾಗಿಲ್ಲ. ಊರಿಗೆ ಫೋನ್ ಮಾಡ್ಬೇಕು. ಆಮೇಲೆ ಮಾಡ್ತೀನಿ."

"ನಮ್ಗೂ ಹೇಳಲ್ವಾ?" ಎಂದು ಹಿಂದಿನಿಂದ ಯಾರೋ ಹೆಂಗಸರ ದನಿ. ಅಂಕಲ್ ಅವರಿಗೆ ಏನೋ ಹೇಳಿದ್ದು ಕೇಳಿಸಿತು. "ಸರಿ ಸರಿ, ಇಡು ಫೋನು. ಕಾಯ್ತೀವಿ," ಎಂದರು.

ಧಾರವಾಡದಲ್ಲಿ ಆಗ ರಾತ್ರಿ ಹತ್ತೂವರೆ ದಾಟಿತ್ತು. ಒಂದು ರಿಂಗ್ ಕೂಡ ಪೂರ್ತಿಯಾಗಲಿಲ್ಲ.

"ಹೇಳು," ಎಂದರು ತಾಯಿ.

"ಗಂಟು ಪೂರ್ತಿ ತಗದಾರ್ರಿ. ಹರಡಿಲ್ಲ. ಕಂಕಳದಾಗ ನೋಡ್ಯಾರ, ಅಲ್ಲಿ ಏನೂ ಇಲ್ಲ. ಮುಂದ ಕೆಲವು ವಾರ ರೇಡಿಯೇಷನ್ ಚಿಕಿತ್ಸೆ ಕೊಡ್ತಾರ. ಅಕ್ಕಾರಿಗೆ ಇನ್ನೂ ಎಚ್ಚರ ಆಗಿಲ್ಲ."

"ಇನ್ನೊಮ್ಮೆ ಹೇಳು."

ಅದೇ ಕ್ರಮದಲ್ಲಿ, ಒಂದು ಮಾತನ್ನೂ ಸೇರಿಸದೆ, ಮತ್ತೊಮ್ಮೆ ಹೇಳಿದೆ. ಅವರು ಉಸಿರು ಬಿಡುವುದು ಕೇಳಿಸಿತು. ಮೂಗು ಒರೆಸಿಕೊಳ್ಳುವುದೂ ಕೇಳಿಸಿತು.

"ಮತ್ತ ಯಾರ್ಯಾರಿಗೆ ಹೇಳಿದಿ?"

"ಯಾರಿಗೂ ಇಲ್ರಿ ಅವ್ವಾರ."

"ಹಂಗಾದ್ರ ಇನ್ನ ಅಲ್ಲಿ ನಿಮ್ಮ ಮಂದಿಗೆಲ್ಲ ಹೇಳು, ಪಾಪ, ಕಾಯ್ತಿರ್ತಾರ. ಊರಿಗೆ ನೀ ಬರದು ಕಳಸಬ್ಯಾಡ. ಐತವಾರ ಆರಾಧನಿಯೊಳಗ ನಾನ ಎದ್ದು ನಿಂತು ಹೇಳ್ತೇನಿ."